ಕುಂಟುವ ಕೋಳಿ ಯಾವ ಆಹಾರ ಆರಿಸಿತು?

ಕೋಳಿಗಳ ಮುಂದೆ ಎರಡು ಬಣ್ಣದ ಆಹಾರ. ಒಂದಕ್ಕೆ ಕಾರ್ಪ್ರೊಫೆನ್ ಎಂಬ ನೋವುನಿವಾರಕವನ್ನು ಬೆರೆಸಿದ್ದಾರೆ, ಇನ್ನೊಂದಕ್ಕೆ ಬೆರೆಸಿಲ್ಲ. ಯಾವ ಬಣ್ಣದ್ದನ್ನು ತಿಂದರೆ ಏನಾಗುತ್ತದೆ ಎಂಬುದನ್ನು ಕೋಳಿಗಳು ಮೊದಲೇ ತಿಂದು ಅರಿತುಕೊಂಡಿವೆ. ಆಮೇಲೆ ಎರಡನ್ನೂ ಒಟ್ಟಿಗೆ ಇಟ್ಟು, ಯಾವುದು ಎಷ್ಟು ಖರ್ಚಾಯಿತು ಎಂದು ನೋಡಿದ್ದಾರೆ. ನೆಟ್ಟಗೆ ನಡೆಯುವ ಕೋಳಿಗಳಿಗಿಂತ ಕುಂಟುವ ಕೋಳಿಗಳು ಔಷಧ ಬೆರೆತ ಆಹಾರವನ್ನು ಹೆಚ್ಚಾಗಿ ತಿಂದವು. ಕುಂಟು ಹೆಚ್ಚಾದಷ್ಟೂ ಔಷಧದ ಪಾಲೂ ಹೆಚ್ಚಾಯಿತು. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಈ ಪ್ರಯೋಗವನ್ನು 2000ನೇ ಇಸವಿಯಲ್ಲಿ ಪ್ರಕಟಿಸಿದರು.

ನಾವು ಪ್ರಾಣಿಗಳನ್ನು ಮೂಕಪ್ರಾಣಿಗಳು ಎನ್ನುತ್ತೇವೆ. ಆ ಮಾತಿನಲ್ಲಿ ಮರುಕ ಇದೆ, ನಿಜ. ಆದರೆ ಒಂದು ಅನುಕೂಲವೂ ಅಡಗಿದೆ: ಮೂಕರಾದವರ ಪರವಾಗಿ ನಾವೇ ಮಾತನಾಡಬಹುದು, ಅವರಿಗೆ ಬೇಕಾದದ್ದನ್ನು ನಾವೇ ಊಹಿಸಿಕೊಳ್ಳಬಹುದು, ಊಹೆ ತಪ್ಪಿದರೆ ಕೇಳುವವರಿಲ್ಲ. ಆ ಕುಂಟು ಕೋಳಿ ಮಾತ್ರ ಮೂಕವಾಗಿರಲಿಲ್ಲ. ಅದಕ್ಕೆ ಅರ್ಥವಾಗುವಂತೆ ಪ್ರಶ್ನೆ ಕೇಳಿದರು, ಅದು ಕೊಕ್ಕಿನಿಂದ ಉತ್ತರ ಹೇಳಿತು.

ಆ ಕೋಳಿ ಕುಂಟಿದ್ದು ಯಾಕೆ ಎಂಬುದನ್ನೂ ಹೇಳಬೇಕು. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಕಾಲದ ಬ್ರಾಯ್ಲರ್ ತಳಿಯನ್ನೂ 2005ರ ತಳಿಯನ್ನೂ ಒಂದೇ ಬಗೆಯ ಆಹಾರ ಹಾಕಿ ಬೆಳೆಸಿ ಹೋಲಿಸಿದ್ದಾರೆ. 56 ದಿನಗಳಲ್ಲಿ ಹಳೆಯ ತಳಿಯ ಕೋಳಿ ಸುಮಾರು 900 ಗ್ರಾಂ ತೂಗಿತು. ಹೊಸ ತಳಿಯದು 4.2 ಕಿಲೋ ದಾಟಿತು. ಮಾಂಸ ಬೆಳೆಯುವ ವೇಗಕ್ಕೆ ಮೂಳೆ ಕೀಲುಗಳು ಸರಿಗಟ್ಟುವುದಿಲ್ಲ. ಎಷ್ಟೋ ಕೋಳಿಗಳಿಗೆ ತಮ್ಮ ದೇಹವೇ ಹೊರಲಾಗದ ಹೊರೆ. ಇಲ್ಲಿ ಯಾರೂ ಕೋಲು ಎತ್ತಿ ಹೊಡೆದಿಲ್ಲ, ಹಸಿವಿನಲ್ಲಿ ಕೆಡವಿಲ್ಲ. ಕ್ರೌರ್ಯ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಯಾವ ಚಿತ್ರವೂ ಇಲ್ಲಿಲ್ಲ. ನೋವನ್ನು ತಳಿಯೊಳಗೇ ಹೆಣೆದುಬಿಟ್ಟಿದ್ದೇವೆ. ಪ್ರಾಣಿಗಳ ವಿಷಯದ ನೀತಿಚರ್ಚೆ ಇಷ್ಟು ತೊಡಕಾಗುವುದು ಇಂಥ ಕಡೆಗಳಲ್ಲಿ.

ನೋವು ಇದೆ ಎಂದು ಗೊತ್ತಾಗುವುದು ಹೇಗೆ?

ಇಡೀ ವಾದದ ತಳಪಾಯ ಒಂದೇ ಪ್ರಶ್ನೆ: ಆ ಜೀವಕ್ಕೆ ಅನುಭವ ಎಂಬುದು ಇದೆಯೆ? ಕಲ್ಲನ್ನು ಒದ್ದರೆ ಕಲ್ಲಿಗೆ ಅನ್ಯಾಯವಾಗುವುದಿಲ್ಲ. ನಾಯಿಯನ್ನು ಒದ್ದರೆ ಆಗುತ್ತದೆ. ನಡುವಿನ ಗೆರೆ ಎಳೆಯುವುದು ಎಲ್ಲಿ?

17ನೇ ಶತಮಾನದ ಫ್ರೆಂಚ್ ತತ್ತ್ವಜ್ಞಾನಿ ರೆನೆ ಡೆಕಾರ್ಟ್ ಪ್ರಾಣಿಗಳನ್ನು ಗಡಿಯಾರಕ್ಕೆ ಹೋಲಿಸಿದ. ಹಲ್ಲುಚಕ್ರ ತಿರುಗಿ ಗಂಟೆ ಬಾರಿಸುವಂತೆ ಪ್ರಾಣಿ ಅರಚುತ್ತದೆ, ಒಳಗೆ ಚಿಂತಿಸುವ ಆತ್ಮವಿಲ್ಲ ಎಂಬುದು ಅವನ ವಾದದ ತಿರುಳು. ಇಂದು ನಾಯಿ, ಹಸು, ಕೋಳಿಗಳ ವಿಷಯದಲ್ಲಿ ಹಾಗೆ ವಾದಿಸುವ ವಿಜ್ಞಾನಿಗಳು ಇಲ್ಲವೆನ್ನುವಷ್ಟು ಕಡಿಮೆ. 2012ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ್ದ ನರವಿಜ್ಞಾನಿಗಳು, ಸಸ್ತನಿಗಳು, ಹಕ್ಕಿಗಳು ಮಾತ್ರವಲ್ಲ ಆಕ್ಟೋಪಸ್‌ನಂಥ ಜೀವಿಗಳಲ್ಲಿಯೂ ಪ್ರಜ್ಞೆಗೆ ಬೇಕಾದ ನರವ್ಯವಸ್ಥೆ ಇದೆ ಎಂದು ಘೋಷಣೆಯನ್ನೇ ಹೊರಡಿಸಿದರು.

ಆದರೂ ಡೆಕಾರ್ಟ್‌ನ ಸಂಶಯವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬಿಸಿ ಪಾತ್ರೆ ತಾಗಿದರೆ ನಮ್ಮ ಕೈ ಹಿಂದಕ್ಕೆ ಬರುವುದು ನೋವು ತಿಳಿಯುವುದಕ್ಕಿಂತ ಮೊದಲೇ. ಗಾಯದ ಸುದ್ದಿ ಬೆನ್ನುಹುರಿಗೆ ಮುಟ್ಟಿ ಅಲ್ಲಿಂದಲೇ ಸ್ನಾಯುವಿಗೆ ಆಜ್ಞೆ ಹೋಗಿರುತ್ತದೆ. ‘ಅಯ್ಯೋ’ ಎನ್ನುವ ಅನುಭವ ಆಮೇಲೆ. ಹಾಗಾಗಿ ಪ್ರಾಣಿಯೊಂದು ಹಿಂದೆ ಸರಿಯಿತು ಎಂಬಷ್ಟರಿಂದಲೇ ಅದಕ್ಕೆ ನೋವಾಯಿತು ಎನ್ನಲಾಗದು. ಅದಕ್ಕಿಂತ ಬಲವಾದ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ಹುಡುಕಿದ ಬಗೆ ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ರುಚಿಸುವ ಭಾಗ.

ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ತುಟಿಗೆ ಜೇನುಹುಳುವಿನ ವಿಷವನ್ನೋ ಅಸಿಟಿಕ್ ಆಮ್ಲವನ್ನೋ ಚುಚ್ಚಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮೀನುಗಳು ಅತ್ತಿತ್ತ ತೂಗಾಡಿದವು, ತೊಟ್ಟಿಯ ತಳದ ಹರಳುಗಳಿಗೆ ತುಟಿ ಉಜ್ಜಿಕೊಂಡವು, ಗಂಟೆಗಟ್ಟಲೆ ಆಹಾರ ಮುಟ್ಟಲಿಲ್ಲ. ನೋವು ಕಳೆಯುವ ಮಾರ್ಫಿನ್ ಕೊಟ್ಟಾಗ ಈ ಲಕ್ಷಣಗಳು ಇಳಿದವು. ಬರೀ ಪ್ರತಿಕ್ರಿಯೆಯಾಗಿದ್ದರೆ ತುಟಿ ಉಜ್ಜಿಕೊಳ್ಳುವ ಅಗತ್ಯವೇನಿತ್ತು? ಮನುಷ್ಯರಲ್ಲಿ ನೋವಿನ ಅನುಭವಕ್ಕೆ ಕಾರಣವಾಗುವ ಮಿದುಳಿನ ಹೊರಪದರ ಮೀನಿಗಿಲ್ಲ, ಆದ್ದರಿಂದ ನೋವೂ ಇಲ್ಲ ಎನ್ನುವ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಆದರೆ ಅದೇ ತರ್ಕ ಹಿಡಿದರೆ ಆಕ್ಟೋಪಸ್‌ಗೆ ನಮ್ಮಂಥ ಕಣ್ಣಿನ ನರಮಾರ್ಗ ಇಲ್ಲ, ಆದ್ದರಿಂದ ಅದಕ್ಕೆ ಕಾಣುವುದಿಲ್ಲ ಎಂದೂ ಹೇಳಬೇಕಾದೀತು. ಒಂದೇ ಊರಿಗೆ ಹಲವು ದಾರಿಗಳಿರಬಹುದಲ್ಲ.

ಇನ್ನೂ ಚೆಲುವಾದ ಪ್ರಯೋಗ ಸನ್ಯಾಸಿ ಏಡಿಯದು. ಇದಕ್ಕೆ ಸ್ವಂತ ಚಿಪ್ಪು ಇಲ್ಲ. ಸತ್ತ ಬಸವನಹುಳುವಿನ ಖಾಲಿ ಚಿಪ್ಪಿನೊಳಗೆ ಸಂಸಾರ. ಯಾವ ಚಿಪ್ಪಾದರೂ ಸರಿ ಎನ್ನುವ ಜಾತಿಯಲ್ಲ, ಅದಕ್ಕೆ ಮೆಚ್ಚಿನ ಬಗೆಗಳಿವೆ. ಉತ್ತರ ಐರ್ಲೆಂಡಿನ ರಾಬರ್ಟ್ ಎಲ್ವುಡ್ ಮತ್ತು ಮಿರ್ಯಾಮ್ ಅಪೆಲ್ ಚಿಪ್ಪಿನೊಳಕ್ಕೆ ಸಣ್ಣ ವಿದ್ಯುತ್ ಆಘಾತ ಕೊಟ್ಟರು. ಇಷ್ಟವಿಲ್ಲದ ಚಿಪ್ಪಿನಲ್ಲಿದ್ದ ಏಡಿಗಳು ಬಿಟ್ಟು ಓಡುವುದು ಹೆಚ್ಚು. ಮೆಚ್ಚಿನ ಚಿಪ್ಪಿನಲ್ಲಿದ್ದವು ಹಲ್ಲು ಕಚ್ಚಿ ಕೂತವು ಎನ್ನೋಣ, ಏಡಿಗೆ ನಮ್ಮಂಥ ಹಲ್ಲಿಲ್ಲದಿದ್ದರೂ. ಆಘಾತ ಅದೇ, ನರ ಅದೇ. ಒಳಗೆಲ್ಲೋ ಲೆಕ್ಕಾಚಾರ ನಡೆದಿದೆ: ಈ ಮನೆ ಇಷ್ಟು ಹಿಂಸೆಗೆ ತಕ್ಕುದೇ? ಬೆನ್ನುಹುರಿಯ ಪ್ರತಿಕ್ರಿಯೆ ಹೀಗೆ ಚೌಕಾಸಿ ಮಾಡುವುದಿಲ್ಲ.

ಇಂಥ ಸಾಕ್ಷ್ಯಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದ ವರದಿಯೊಂದರ ಆಧಾರದ ಮೇಲೆ ಬ್ರಿಟನ್ 2022ರಲ್ಲಿ ತನ್ನ ಪ್ರಾಣಿ ಸಂವೇದನೆ ಕಾಯ್ದೆಯೊಳಗೆ ಬೆನ್ನೆಲುಬುಳ್ಳ ಪ್ರಾಣಿಗಳ ಜೊತೆ ಏಡಿ, ಸಿಗಡಿ, ಆಕ್ಟೋಪಸ್‌ಗಳನ್ನೂ ಸೇರಿಸಿತು. ಸ್ವಿಟ್ಜರ್ಲೆಂಡ್ ಅದಕ್ಕೂ ಮೊದಲೇ, 2018ರಲ್ಲಿ, ಪ್ರಜ್ಞೆ ತಪ್ಪಿಸದೆ ಲಾಬ್‌ಸ್ಟರ್‌ಗಳನ್ನು ಜೀವಂತ ಕುದಿಸುವುದನ್ನು ನಿಷೇಧಿಸಿತ್ತು.

ನೋವಾಗುತ್ತದೆ. ಆದರೇನು?

ಅನುಭವ ಇದೆ ಎಂದು ಒಪ್ಪಿದ ಮೇಲೂ ‘ಆದ್ದರಿಂದ ನಾನೇನು ಮಾಡಬೇಕು’ ಎಂಬುದು ಬೇರೆಯೇ ಪ್ರಶ್ನೆ. ಇಲ್ಲಿ ತತ್ತ್ವಜ್ಞಾನಿಗಳು ನಾಲ್ಕು ದಿಕ್ಕಿಗೆ ಹೋಗುತ್ತಾರೆ.

ಜರ್ಮನಿಯ ಇಮ್ಯಾನುಯೆಲ್ ಕಾಂಟ್‌ನ ನಿಲುವು ಇಂದಿಗೂ ಜನಸಾಮಾನ್ಯರ ಬಾಯಲ್ಲಿ ಅತಿ ಹೆಚ್ಚು ಕೇಳಿಬರುವಂಥದ್ದು: ಪ್ರಾಣಿಗಳಿಗೆ ನಾವು ನೇರವಾಗಿ ಏನೂ ಸಲ್ಲಿಸಬೇಕಾಗಿಲ್ಲ, ಆದರೆ ಪ್ರಾಣಿಗಳನ್ನು ಹಿಂಸಿಸುವವನು ನಾಳೆ ಮನುಷ್ಯರನ್ನೂ ಹಿಂಸಿಸಿಯಾನು, ಆದ್ದರಿಂದ ಹಿಂಸಿಸಬಾರದು. ಮಾತು ಸುಳ್ಳಲ್ಲ. ಆದರೆ ಅದರ ಬುಡ ಎಷ್ಟು ಟೊಳ್ಳು ಎಂಬುದನ್ನು ಹೀಗೆ ಪರೀಕ್ಷಿಸಬಹುದು. ಸಾವಿರಾರು ಹಂದಿಗಳಿರುವ ಒಂದು ಕೊಟ್ಟಿಗೆಯನ್ನು ಊಹಿಸಿಕೊಳ್ಳಿ. ಆಹಾರ ಹಾಕುವುದು, ಬಾಲ ಕತ್ತರಿಸುವುದು, ಕೊನೆಗೆ ಕೊಲ್ಲುವುದು, ಎಲ್ಲವೂ ಯಂತ್ರದ ಕೆಲಸ. ಯಾವ ಮನುಷ್ಯನ ಎದೆಯೂ ಅಲ್ಲಿ ಕಲ್ಲಾಗುವುದಿಲ್ಲ, ಯಾಕೆಂದರೆ ಅಲ್ಲಿ ಮನುಷ್ಯನೇ ಇಲ್ಲ. ಕಾಂಟ್‌ನ ವಾದದಂತೆ ಅಲ್ಲಿ ತಪ್ಪೇ ನಡೆದಿಲ್ಲ ಎನ್ನಬೇಕಾಗುತ್ತದೆ. ನನಗಂತೂ ಹಾಗೆನ್ನಲು ನಾಲಿಗೆ ಏಳುವುದಿಲ್ಲ.

ಇಂಗ್ಲೆಂಡಿನ ಜೆರೆಮಿ ಬೆಂಥಮ್ ದಿಕ್ಕನ್ನೇ ತಿರುಗಿಸಿದ. 1789ರಲ್ಲಿ ಹೊರಬಂದ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ ಅವನು ಎತ್ತಿದ ಪ್ರಶ್ನೆ ಹೆಚ್ಚುಕಡಿಮೆ ಹೀಗಿದೆ: ಅವು ತರ್ಕಿಸಬಲ್ಲವೇ, ಮಾತನಾಡಬಲ್ಲವೇ ಎಂಬುದು ಇಲ್ಲಿ ಮುಖ್ಯವಲ್ಲ, ಸಂಕಟಪಡಬಲ್ಲವೇ ಎಂಬುದು ಮುಖ್ಯ. ಗ್ರಂಥದ ಮೂಲೆಯಲ್ಲಿ ಕೂತಿದ್ದ ಆ ಸಾಲು ಗ್ರಂಥಕ್ಕಿಂತ ಹೆಚ್ಚು ದೂರ ನಡೆದಿದೆ. 33 ವರ್ಷಗಳ ನಂತರ, 1822ರಲ್ಲಿ, ಬ್ರಿಟನ್ನಿನ ಸಂಸತ್ತು ದನ, ಕುದುರೆ, ಕುರಿಗಳ ಮೇಲಿನ ಕ್ರೌರ್ಯದ ವಿರುದ್ಧ ಕಾಯ್ದೆ ಮಾಡಿತು. ಅದಕ್ಕೆ ಮೊದಲು ಕುದುರೆಗೆ ಹೊಡೆದವನನ್ನು ಶಿಕ್ಷಿಸಬೇಕಾದರೆ ಸಾಮಾನ್ಯವಾಗಿ ಕುದುರೆ ಬೇರೆಯವನ ಸ್ವತ್ತಾಗಿರಬೇಕಿತ್ತು, ನಷ್ಟ ಮಾಲೀಕನದಾಗಿರಬೇಕಿತ್ತು.

ಬೆಂಥಮ್‌ನ ದಾರಿಯಲ್ಲೇ ಮುಂದೆ ಹೋದವರು ಆಸ್ಟ್ರೇಲಿಯಾದ ಪೀಟರ್ ಸಿಂಗರ್. 1975ರಲ್ಲಿ ಅವರು ಮಂಡಿಸಿದ ವಾದವನ್ನು ಜನ ‘ಪ್ರಾಣಿಗಳೂ ಮನುಷ್ಯರೂ ಒಂದೇ’ ಎಂದು ತಪ್ಪಾಗಿ ತಿಳಿಯುವುದೇ ಹೆಚ್ಚು. ಅವರು ಹೇಳುವುದು ಬೇರೆ. ಹಂದಿಗೆ ಮತದಾನದ ಹಕ್ಕು ಕೊಡಬೇಕಾಗಿಲ್ಲ, ಹಂದಿಗೆ ಮತ ಹಾಕುವುದರಲ್ಲಿ ಯಾವ ಆಸಕ್ತಿಯೂ ಇಲ್ಲ. ಆದರೆ ನೋವು ತಪ್ಪಿಸಿಕೊಳ್ಳುವುದರಲ್ಲಿ ಹಂದಿಗೂ ಆಸಕ್ತಿ ಇದೆ, ನನಗೂ ಇದೆ. ಒಂದೇ ಪ್ರಮಾಣದ ನೋವಾದರೆ, ಅದು ಹಂದಿಯದು ಎಂಬ ಒಂದೇ ಕಾರಣಕ್ಕೆ ತಕ್ಕಡಿಯಲ್ಲಿ ಕಡಿಮೆ ತೂಗಿಸಬಾರದು. ಹಾಗೆ ತೂಗಿಸುವ ಅಭ್ಯಾಸಕ್ಕೆ ರಿಚರ್ಡ್ ರೈಡರ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ 1970ರಲ್ಲಿ ಒಂದು ಹೆಸರಿಟ್ಟಿದ್ದರು. ಕನ್ನಡದಲ್ಲಿ ಅದನ್ನು ಪ್ರಭೇದ ತಾರತಮ್ಯ ಎನ್ನಬಹುದು.

‘ಮನುಷ್ಯನಿಗೆ ಬುದ್ಧಿ ಇದೆ, ಭಾಷೆ ಇದೆ, ಕರ್ತವ್ಯಪ್ರಜ್ಞೆ ಇದೆ, ಅದಕ್ಕೇ ಹಕ್ಕೂ ಇದೆ’ ಎಂಬುದು ಇದಕ್ಕೆ ಬರುವ ಮಾಮೂಲು ಉತ್ತರ. ಹಾಗಾದರೆ ತೊಟ್ಟಿಲಲ್ಲಿರುವ ಕೂಸಿಗೆ ಭಾಷೆಯೂ ಇಲ್ಲ, ಕರ್ತವ್ಯವೂ ಇಲ್ಲ. ನಾಳೆ ಬರುತ್ತದೆ ಎಂದರೆ, ಮಿದುಳಿಗೆ ತೀವ್ರ ಹಾನಿಯಾಗಿ ಎಂದಿಗೂ ಮಾತು ಬಾರದವರಿದ್ದಾರೆ. ಅವರನ್ನು ಯಾರೂ ಕೈಬಿಡುವುದಿಲ್ಲ, ಬಿಡಲೂಬಾರದು. ಅಂದಮೇಲೆ ನಾವು ಅವರನ್ನು ಕಾಪಾಡುತ್ತಿರುವುದು ಬುದ್ಧಿಯನ್ನು ಅಳೆದು ಅಲ್ಲ. ಅವರಿಗೂ ಸುಖದುಃಖ ಇದೆ ಎಂಬ ಕಾರಣಕ್ಕೆ. ಆ ಕಾರಣ ಹಂದಿಗೂ ಸಲ್ಲುತ್ತದೆ. ಈ ವಾದ ಕೇಳಿದವರಿಗೆ ಸಿಟ್ಟು ಬರುವುದುಂಟು, ನಿಸ್ಸಹಾಯಕ ಮನುಷ್ಯರನ್ನು ಪ್ರಾಣಿಗಳ ಮಟ್ಟಕ್ಕೆ ಇಳಿಸಿದಂತೆ ಅನ್ನಿಸುತ್ತದೆ. ಎಚ್ಚರ ತಪ್ಪಿ ಆಡಿದರೆ ಅದು ನಿಜಕ್ಕೂ ಹಾಗೆಯೇ ಕೇಳಿಸುತ್ತದೆ, ಸಿಂಗರ್ ಅವರೂ ಈ ವಿಷಯದಲ್ಲಿ ಅನೇಕರನ್ನು ನೋಯಿಸಿದ್ದಾರೆ. ಆದರೂ ಮೂಲ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ.

ಅಮೆರಿಕದ ಟಾಮ್ ರೀಗನ್‌ಗೆ ತಕ್ಕಡಿಯ ಈ ಲೆಕ್ಕವೇ ಒಪ್ಪಿಗೆಯಾಗಲಿಲ್ಲ. ನೆನಪು, ಬಯಕೆ, ನಾಳೆಯ ನಿರೀಕ್ಷೆ ಇರುವ ಪ್ರತಿ ಜೀವಿಯೂ ತನ್ನ ಬದುಕಿಗೆ ತಾನೇ ಯಜಮಾನ. ಅಂಥ ಜೀವಿಯನ್ನು ಇನ್ನೊಬ್ಬರ ಸಾಧನವಾಗಿ ಬಳಸುವುದೇ ತಪ್ಪು, ಲಾಭ ಎಷ್ಟೇ ಇರಲಿ ಎಂಬುದು 1983ರಲ್ಲಿ ಅವರು ಮುಂದಿಟ್ಟ ವಾದ. ಇಬ್ಬರ ನಡುವಿನ ವ್ಯತ್ಯಾಸ ಒಂದು ಉದಾಹರಣೆಯಲ್ಲಿ ಸ್ಪಷ್ಟವಾಗುತ್ತದೆ. ಹುಲ್ಲುಗಾವಲಿನಲ್ಲಿ ಸುಖವಾಗಿ ಮೇಯ್ದ ಕುರಿಯನ್ನು ಅದಕ್ಕೆ ತಿಳಿಯದಂತೆ, ನೋವಿಲ್ಲದೆ ಕೊಂದು, ಅಷ್ಟೇ ಸುಖದ ಇನ್ನೊಂದು ಕುರಿಯನ್ನು ಸಾಕಿದರೆ? ಸಂಕಟವನ್ನಷ್ಟೇ ಎಣಿಸುವವರಿಗೆ ಇದನ್ನು ತಪ್ಪೆನ್ನುವುದು ಕಷ್ಟ. ರೀಗನ್‌ಗೆ ಕಷ್ಟವೇ ಇಲ್ಲ: ಆ ಕುರಿಗೆ ಆ ಬದುಕೊಂದೇ ಇತ್ತು. ಕಾಯ್ದೆಗಳ ಮಟ್ಟದಲ್ಲಿ ನಡೆಯುವ ಜಗಳದ ಬೇರೂ ಇಲ್ಲೇ ಇದೆ. ಪಂಜರ ದೊಡ್ಡದಾಗಲಿ ಎನ್ನುವವರು ಒಂದು ಕಡೆ, ಪಂಜರವೇ ಬೇಡ ಎನ್ನುವವರು ಇನ್ನೊಂದು ಕಡೆ.

ಮುದ್ದಿನ ಆಚೆ

ತತ್ತ್ವಜ್ಞಾನಿಗಳ ಜಗಳಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಪ್ರಾಣಿದಯೆ ಎಂದು ನಾವು ಕರೆಯುವುದು ಬಹುಮಟ್ಟಿಗೆ ನಮ್ಮ ಕಣ್ಣಿನ ರುಚಿ. ದೊಡ್ಡ ಕಣ್ಣು, ಉಣ್ಣೆಯಂಥ ಮೈ, ದುಂಡು ಮುಖ ಇದ್ದರೆ ಕರುಣೆ ತಾನಾಗಿ ಉಕ್ಕುತ್ತದೆ. ಮೊಲ ಮತ್ತು ಇಲಿಗೆ ನೋವಿನ ನರಗಳಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ, ಆದರೆ ಒಂದಕ್ಕೆ ಮುದ್ದು, ಇನ್ನೊಂದಕ್ಕೆ ಬೋನು. ಮೀನು ಕೂಗುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಹಾಗಾಗಿ ಲೆಕ್ಕಕ್ಕೇ ಇಲ್ಲ. ಇದು ಗಾದೆಮಾತಲ್ಲ, ಅಕ್ಷರಶಃ ನಿಜ: ಕೊಂದ ದನ ಕುರಿ ಕೋಳಿಗಳನ್ನು ಅಂಕಿಅಂಶಗಳು ತಲೆಯ ಲೆಕ್ಕದಲ್ಲಿ ಎಣಿಸುತ್ತವೆ, ಹಿಡಿದ ಮೀನನ್ನು ಟನ್ ಲೆಕ್ಕದಲ್ಲಿ ತೂಗುತ್ತವೆ.

ಪ್ರೀತಿ ಇದ್ದಲ್ಲಿಯೂ ಭರವಸೆ ಇಡುವಂತಿಲ್ಲ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳನ್ನು ನೋಡಿ. ಮಗುವಿನಂಥ ಮುಖ ಬೇಕೆಂದು ತಲೆಮಾರುಗಳ ಕಾಲ ಆಯ್ದು ಆಯ್ದು ತಳಿ ಮಾಡಿದೆವು. ಮೂತಿ ಕುಗ್ಗಿತು, ಒಳಗಿನ ಮೆದು ಅಂಗುಳ ಕುಗ್ಗಲಿಲ್ಲ, ಅದು ಶ್ವಾಸನಾಳಕ್ಕೆ ಅಡ್ಡಬಂದು ಕೂತಿತು. ಆ ನಾಯಿ ಕುಳಿತಲ್ಲೇ ಗೊರಕೆ ಹೊಡೆಯುವ ವಿಡಿಯೊಗಳನ್ನು ಜನ ನಗುತ್ತಾ ಹಂಚಿಕೊಳ್ಳುತ್ತಾರೆ. ಅದು ಉಸಿರಿಗಾಗಿ ಪಡುವ ಪಾಡು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಬೆಕ್ಕು ನಾವು, ಅದೂ ಪ್ರೀತಿಸುವ ಬೆಕ್ಕು.

ಹಾಗಾಗಿ ಕರುಣೆಯನ್ನೇ ನೆಚ್ಚಿಕೊಂಡರೆ ಕೆಲಸ ಕೆಡುತ್ತದೆ. ಕರುಣೆ ಉಕ್ಕದ ಕಡೆಯಲ್ಲಿಯೂ ಹಿಡಿದು ನಿಲ್ಲಿಸುವ ಏನಾದರೂ ಬೇಕು, ಮತ್ತು ಅದು ನಮ್ಮ ಊಹೆಯ ಮೇಲೆ ನಿಲ್ಲಬಾರದು. ಕೋಳಿಗೆ ಏನು ಬೇಕು ಎಂದು ಕೋಳಿಯನ್ನೇ ಕೇಳುವ ವಿಜ್ಞಾನ ಬಂದದ್ದು ಹೀಗೆ.

ಅದರ ಕಥೆ ಒಂದು ಎಡವಟ್ಟಿನಿಂದ ಆರಂಭವಾಗುತ್ತದೆ. 1964ರಲ್ಲಿ ರೂತ್ ಹ್ಯಾರಿಸನ್ ಎಂಬ ಬ್ರಿಟಿಷ್ ಮಹಿಳೆ ಕಾರ್ಖಾನೆಯಂಥ ಪಶುಸಾಕಣೆಯ ಒಳಗನ್ನು ಬಯಲಿಗಿಟ್ಟರು. ಜನ ಸಿಟ್ಟಾದರು, ಸರ್ಕಾರ ಬ್ರಾಂಬೆಲ್ ಸಮಿತಿಯನ್ನು ನೇಮಿಸಿತು. 1965ರಲ್ಲಿ ಸಮಿತಿ ಹೇಳಿದ್ದು ಕೇಳಿದರೆ ಇಂದು ನಾಚಿಕೆಯಾಗುತ್ತದೆ, ಅದು ಕೇಳಿದ್ದು ಅಷ್ಟು ಕಡಿಮೆ: ಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಬೇಕು. ಇದೇ ಮುಂದೆ ಬೆಳೆದು ಹಸಿವು ಬಾಯಾರಿಕೆಯಿಂದ, ಅಸೌಕರ್ಯದಿಂದ, ನೋವು ರೋಗಗಳಿಂದ, ಭಯದಿಂದ ಬಿಡುಗಡೆ ಮತ್ತು ಸಹಜವಾಗಿ ವರ್ತಿಸುವ ಅವಕಾಶ ಎಂಬ ‘ಐದು ಸ್ವಾತಂತ್ರ್ಯ’ಗಳಾದವು. ಅದೇ ಸಮಿತಿ ಇನ್ನೊಂದು ಸಲಹೆಯನ್ನೂ ಕೊಟ್ಟಿತ್ತು. ಪಂಜರದ ನೆಲಕ್ಕೆ ಹಾಸುವ ತೆಳು ಷಟ್ಕೋನ ತಂತಿಬಲೆ ಕೋಳಿಯ ಕಾಲಿಗೆ ಹಿಂಸೆ, ಅದನ್ನು ಬಿಟ್ಟು ದಪ್ಪ ತಂತಿ ಬಳಸಿ ಎಂದಿತು. ನೋಡಿದವರಿಗೆಲ್ಲ ಹೌದೆನ್ನಿಸುವ ಮಾತು. 1973ರಲ್ಲಿ ಇಬ್ಬರು ಸಂಶೋಧಕರು ಎರಡೂ ಬಗೆಯ ನೆಲವನ್ನು ಕೋಳಿಗಳ ಮುಂದಿಟ್ಟರು. ಹೇಂಟೆಗಳು ಹೋಗಿ ನಿಂತದ್ದು ತೆಳು ತಂತಿಯ ಮೇಲೆ! ಸಮಿತಿಯ ಸದ್ಭಾವನೆಯಲ್ಲಿ ಕೊರತೆ ಇರಲಿಲ್ಲ. ಆದರೆ ಅವರು ತಮ್ಮ ಅಂಗಾಲಿನಿಂದ ಯೋಚಿಸಿದ್ದರು.

ಆಯ್ಕೆ ಒಂದೇ ಸಾಲದು, ಅದಕ್ಕಾಗಿ ಪ್ರಾಣಿ ಎಷ್ಟು ಬೆಲೆ ತೆರುತ್ತದೆ ಎಂಬುದನ್ನೂ ನೋಡಬೇಕು. ಮೊಟ್ಟೆಯಿಡುವ ಹೊತ್ತು ಹತ್ತಿರವಾದ ಹೇಂಟೆ ಗೂಡು ಸೇರಲು ಭಾರವಾದ ಬಾಗಿಲನ್ನು ತಳ್ಳುತ್ತದೆ, ಹಸಿದಾಗ ಆಹಾರಕ್ಕಾಗಿ ತಳ್ಳುವಷ್ಟೇ ಛಲದಿಂದ. ತುಪ್ಪಳದ ಚರ್ಮಕ್ಕಾಗಿ ಸಾಕುವ ಮಿಂಕ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿಗಳ ಮೇಲಿನ ಪ್ರಯೋಗ ಇನ್ನೂ ಕಣ್ಣು ತೆರೆಸುವಂಥದ್ದು. 2001ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಆಟಿಕೆ, ಎರಡನೆಯ ಗೂಡು, ನೀರಿನ ಕೊಳ ಹೀಗೆ ಹಲವು ಕೋಣೆಗಳು, ಪ್ರತಿ ಬಾಗಿಲಿಗೂ ಏರುತ್ತಾ ಹೋಗುವ ಭಾರ. ಮಿಂಕ್‌ಗಳು ಎಲ್ಲಕ್ಕಿಂತ ಹೆಚ್ಚು ಶ್ರಮಪಟ್ಟದ್ದು ಈಜುವ ಕೊಳಕ್ಕಾಗಿ. ಕೊಳದ ಬಾಗಿಲು ಮುಚ್ಚಿದಾಗ ಅವುಗಳ ದೇಹದಲ್ಲಿ ಒತ್ತಡದ ಹಾರ್ಮೋನು ಏರಿದ ಪ್ರಮಾಣ, ಆಹಾರ ತಪ್ಪಿಸಿದಾಗ ಏರುವಷ್ಟೇ ಇತ್ತು. ಹುಟ್ಟಿದಂದಿನಿಂದ ಪಂಜರದಲ್ಲೇ ಇರುವುದಕ್ಕೆ ಈಜಿನ ಆಸೆ ಎಲ್ಲಿಂದ ಬರಬೇಕು ಎನ್ನುವವರಿಗೆ ಮಿಂಕ್ ಕೊಟ್ಟ ಉತ್ತರ ಅದು.

ಈ ಅರಿವಿನಿಂದ ಕಾನೂನು ಸ್ವಲ್ಪ ಬದಲಾಗಿದೆ. ಸಾಲುಸಾಲಾಗಿ ಜೋಡಿಸಿಟ್ಟ, ‘ಬ್ಯಾಟರಿ’ ಎಂದು ಕರೆಯುವ ತಂತಿಯ ಪಂಜರದಲ್ಲಿ ಒಂದು ಕೋಳಿಗೆ ಯುರೋಪಿನ ಕಾಯ್ದೆ ಕೊನೆಗೆ ನಿಗದಿಮಾಡಿದ್ದ ಜಾಗ 550 ಚದರ ಸೆಂಟಿಮೀಟರ್. ಮುದ್ರಣದ ಎ4 ಹಾಳೆ ಇದಕ್ಕಿಂತ ದೊಡ್ಡದು. 2012ರಿಂದ ಐರೋಪ್ಯ ಒಕ್ಕೂಟದಲ್ಲಿ ಅಂಥ ಬರಿಯ ಪಂಜರಕ್ಕೆ ನಿಷೇಧವಿದೆ, ಗೂಡು ಮತ್ತು ಕೂರುವ ಕಂಬಿ ಇರುವ ಪಂಜರಗಳಿಗೆ ಮಾತ್ರ ಅವಕಾಶ. ಮೊಟ್ಟೆ ತಳಿಯ ಹುಂಜದ ಮರಿಗಳ ಪಾಡು ಬೇರೆ. ಅವು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಬೇಗ ಬೆಳೆಯುವುದಿಲ್ಲ, ಹಾಗಾಗಿ ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 700 ಕೋಟಿ ಮರಿಗಳು ಎಂಬ ಅಂದಾಜಿದೆ. ಮೊಟ್ಟೆಯೊಳಗೇ ಲಿಂಗ ಪತ್ತೆ ಮಾಡುವ ತಂತ್ರ ಬಂದ ಮೇಲೆ ಜರ್ಮನಿ 2022ರಿಂದ ಈ ಕೊಲೆಯನ್ನು ನಿಷೇಧಿಸಿದೆ. ಕರು ಹಾಕದೆ ಹಸು ಹಾಲು ಕೊಡುವುದಿಲ್ಲ, ಹುಟ್ಟುವ ಕರುಗಳಲ್ಲಿ ಅರ್ಧ ಗಂಡು ಎಂಬ ಸರಳ ಲೆಕ್ಕವೂ ಇದೇ ಸಾಲಿಗೆ ಸೇರಿದ್ದು. ಒಟ್ಟಾರೆ ನೋಡಿದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಗಳ ಪ್ರಕಾರ ನೆಲದ ಮೇಲಿನ ಪ್ರಾಣಿಗಳಲ್ಲಿ ವರ್ಷಕ್ಕೆ 8,000 ಕೋಟಿಗೂ ಹೆಚ್ಚು ಆಹಾರಕ್ಕಾಗಿ ಸಾಯುತ್ತವೆ, ಅವುಗಳಲ್ಲಿ ಬಹುಪಾಲು ಕೋಳಿಗಳು.

‘ಗಿಡಕ್ಕೂ ಜೀವವಿದೆಯಲ್ಲ’ ಎಂಬ ಮಾತು ಈ ಹಂತದಲ್ಲಿ ಬಂದೇ ಬರುತ್ತದೆ. ಜೀವವಿದೆ, ನರಮಂಡಲವಿಲ್ಲ, ನೋವು ತಿಳಿದು ಓಡಲಾಗದ ಜೀವಿಗೆ ನೋವು ಬೆಳೆಸಿಕೊಂಡು ಪ್ರಯೋಜನವೂ ಇಲ್ಲ. ಒಂದು ವೇಳೆ ಗಿಡಕ್ಕೆ ನೋವಾಗುತ್ತದೆ ಎಂದೇ ಇಟ್ಟುಕೊಂಡರೂ, ಪ್ರಾಣಿಗೆ ತಿನ್ನಿಸಿ ಆ ಪ್ರಾಣಿಯನ್ನು ತಿನ್ನುವುದರಲ್ಲಿ ಹೆಚ್ಚು ಗಿಡಗಳು ಸಾಯುತ್ತವೆ. ‘ಸಿಂಹವೂ ತಿನ್ನುತ್ತದೆ’ ಎಂಬುದಕ್ಕೆ ಉತ್ತರ ಇನ್ನೂ ಚಿಕ್ಕದು. ಸಿಂಹಕ್ಕೆ ಬೇರೆ ದಾರಿ ಇಲ್ಲ, ಮತ್ತು ನಾವು ಬೇರಾವ ವಿಷಯದಲ್ಲೂ ಸಿಂಹವನ್ನು ಕೇಳಿ ಬಾಳುವುದಿಲ್ಲ.

ಉತ್ತರ ಸಲೀಸಾಗಿ ಸಿಗದ ಕಡೆ

ಇಲ್ಲಿಯವರೆಗಿನದು ಒಂದು ರೀತಿಯಲ್ಲಿ ಸುಲಭದ ಭಾಗ. ಪ್ರಯೋಗಶಾಲೆಗೆ ಬಂದಾಗ ನೆಲ ಜಾರತೊಡಗುತ್ತದೆ.

1921ರಲ್ಲಿ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿಯನ್ನು ತೆಗೆದು, ಅವು ಮಧುಮೇಹದಿಂದ ಕುಸಿಯುತ್ತಿದ್ದಾಗ ಗ್ರಂಥಿಯ ಸಾರವನ್ನು ಚುಚ್ಚಿದರು. ಹಲವು ನಾಯಿಗಳು ಸತ್ತವು. 1922ರ ಜನವರಿಯಲ್ಲಿ ಸಾವಿನಂಚಿನಲ್ಲಿದ್ದ 14 ವರ್ಷದ ಹುಡುಗನಿಗೆ ಇನ್ಸುಲಿನ್ ಕೊಟ್ಟರು, ಅವನು ಬದುಕಿದ. ಅಂದಿನಿಂದ ಇನ್ಸುಲಿನ್‌ನಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆ ಪ್ರಯೋಗ ನಡೆಯಬಾರದಿತ್ತು ಎಂದು ಮಧುಮೇಹಿ ಮಗುವಿನ ಎದುರು ನಿಂತು ಹೇಳಲು ನನ್ನಿಂದಾಗದು. ಆ ನಾಯಿಗಳಿಗೆ ಅನ್ಯಾಯವಾಗಲಿಲ್ಲ ಎನ್ನಲೂ ಆಗದು.

1959ರಲ್ಲಿ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು ಈ ಇಕ್ಕಟ್ಟಿಗೆ ಮೂರು ಮೆಟ್ಟಿಲಿನ ನಿಯಮ ಹಾಕಿಕೊಟ್ಟರು. ಪ್ರಾಣಿಯಿಲ್ಲದೆ ಆಗುವುದಾದರೆ ಹಾಗೆ ಮಾಡಿ, ಆಗದಿದ್ದರೆ ಕಡಿಮೆ ಪ್ರಾಣಿಗಳನ್ನು ಬಳಸಿ, ಬಳಸುವವಕ್ಕೆ ನೋವು ತಗ್ಗಿಸಿ. ಮೂರನೆಯದು ಎಷ್ಟು ಸಣ್ಣ ಸಂಗತಿಗಳಲ್ಲಿ ಅಡಗಿರುತ್ತದೆ ನೋಡಿ. ದಶಕಗಳ ಕಾಲ ಪ್ರಯೋಗಶಾಲೆಗಳಲ್ಲಿ ಸುಂಡಿಲಿಯನ್ನು ಎತ್ತುತ್ತಿದ್ದದ್ದು ಬಾಲ ಹಿಡಿದು. 2010ರಲ್ಲಿ ಇಂಗ್ಲೆಂಡಿನ ಸಂಶೋಧಕರು, ಬೊಗಸೆಯಲ್ಲೋ ಸಣ್ಣ ಕೊಳವೆಯಲ್ಲೋ ಎತ್ತಿದರೆ ಇಲಿಯ ಅಂಜಿಕೆ ಎದ್ದು ಕಾಣುವಷ್ಟು ಇಳಿಯುತ್ತದೆ ಎಂದು ತೋರಿಸಿದರು. ಒಂದು ತುಂಡು ಕೊಳವೆ. ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ ಎನ್ನುವುದಕ್ಕಿಂತ, ಯಾರೂ ಕೇಳಿರಲಿಲ್ಲ ಎನ್ನುವುದೇ ಸರಿ. ಮೊದಲ ಮೆಟ್ಟಿಲಿನಲ್ಲಿಯೂ ಚಲನೆ ಇದೆ. ಐರೋಪ್ಯ ಒಕ್ಕೂಟ 2013ರಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟವನ್ನು ನಿಲ್ಲಿಸಿತು. ಹೊಸ ಔಷಧಕ್ಕೆ ಪ್ರಾಣಿಪರೀಕ್ಷೆ ಕಡ್ಡಾಯ ಎಂಬ ನಿಯಮವನ್ನು ಅಮೆರಿಕ 2022ರ ಕೊನೆಯಲ್ಲಿ ಕೈಬಿಟ್ಟಿತು.

ಕಾಡಿನ ಕಡೆಗೆ ತಿರುಗಿದರೆ ಗೊಂದಲ ಇನ್ನೊಂದು ಬಗೆಯದು. ಅಂಟಾರ್ಕ್ಟಿಕದ ಹತ್ತಿರ ಸೌತ್ ಜಾರ್ಜಿಯಾ ಎಂಬ ದ್ವೀಪವಿದೆ. ಸೀಲ್ ಮತ್ತು ತಿಮಿಂಗಿಲಗಳ ಬೇಟೆಗೆ ಬಂದ ಹಡಗುಗಳಿಂದ ಇಳಿದ ಇಲಿಗಳು ಅಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಮರಿಗಳನ್ನು ತಿಂದು ತಿಂದು ಹೆಚ್ಚಿದವು. ಆ ದ್ವೀಪದಲ್ಲಲ್ಲದೆ ಬೇರೆಲ್ಲೂ ಇಲ್ಲದ ಪಿಪಿಟ್ ಎಂಬ ಪುಟ್ಟ ಹಾಡುಹಕ್ಕಿ ಅಂಚಿಗೆ ಬಂತು. 2011ರಿಂದ 2015ರವರೆಗೆ ಮೂರು ಸುತ್ತಿನಲ್ಲಿ ಹೆಲಿಕಾಪ್ಟರುಗಳಿಂದ ವಿಷದ ಕಾಳು ಸುರಿದರು. 2018ರಲ್ಲಿ ದ್ವೀಪ ಇಲಿಮುಕ್ತವೆಂದು ಘೋಷಣೆಯಾಯಿತು, ಪಿಪಿಟ್ ಮರಳಿ ಗೂಡು ಕಟ್ಟಿತು. ಆ ವಿಷ ಕೆಲಸ ಮಾಡುವ ಬಗೆಯನ್ನೂ ತಿಳಿದಿರಬೇಕು. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇಲಿ ಒಳಗೇ ರಕ್ತ ಸೋರಿ ಕೆಲವು ದಿನಗಳಲ್ಲಿ ಸಾಯುತ್ತದೆ.

ಒಂದೊಂದು ಪ್ರಾಣಿಯ ನೋವನ್ನು ಎಣಿಸುವವರಿಗೆ ಇದು ಮಹಾಹತ್ಯೆ. ಪ್ರಭೇದವನ್ನು, ಪರಿಸರವನ್ನು ಎಣಿಸುವವರಿಗೆ ಇದು ಸಾರ್ಥಕ ಕೆಲಸ. ಇಲಿ ತಾನಾಗಿ ಅಲ್ಲಿಗೆ ಈಜಿ ಹೋಗಿರಲಿಲ್ಲ, ನಾವೇ ಒಯ್ದು ಬಿಟ್ಟಿದ್ದು. ಆ ಇಲಿಗಳನ್ನು ಕೊಲ್ಲಬೇಕಾಗಿತ್ತೆಂದೇ ನಾನು ಭಾವಿಸುತ್ತೇನೆ. ಆದರೆ ಕಡಿಮೆ ನೋವಿನ ವಿಷವನ್ನು ಹುಡುಕುವುದು ಪಿಪಿಟ್ ಉಳಿಸುವಷ್ಟೇ ಗಂಭೀರ ಕೆಲಸ ಎಂದು ಯಾರಾದರೂ ಹೇಳಿದರೆ ಅವರ ಮಾತಿಗೆ ನಕ್ಕುಬಿಡುವುದು ಸುಲಭ, ಉತ್ತರಿಸುವುದು ಕಷ್ಟ.

ನ್ಯಾಯಾಲಯಗಳೂ ಈ ಕಷ್ಟದಲ್ಲಿ ಸಿಕ್ಕಿಕೊಂಡಿವೆ. ನ್ಯೂಯಾರ್ಕಿನ ಮೃಗಾಲಯದಲ್ಲಿದ್ದ ‘ಹ್ಯಾಪಿ’ ಎಂಬ ಆನೆಯನ್ನು ಅಕ್ರಮ ಬಂಧನದಲ್ಲಿರುವ ವ್ಯಕ್ತಿಯೆಂದು ಪರಿಗಣಿಸಿ ಬಿಡಿಸಬೇಕೆಂಬ ಅರ್ಜಿಯನ್ನು ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 2022ರಲ್ಲಿ 5–2ರ ಬಹುಮತದಿಂದ ತಳ್ಳಿಹಾಕಿತು. ಸೋಲಿಗಿಂತ ನನಗೆ ಮುಖ್ಯವೆನಿಸುವುದು ಆ ಎರಡು ಮತಗಳು.

ಗೆರೆ ಇನ್ನೂ ಕೆಳಕ್ಕೆ ಇಳಿಯುತ್ತಿದೆ. ಲಂಡನ್ನಿನ ಪ್ರಯೋಗವೊಂದರಲ್ಲಿ ದುಂಬಿಜೇನುಗಳ ಮುಂದೆ ತಣ್ಣನೆಯ ಮತ್ತು ಸುಡುವ ಬಿಸಿಯ ಸಕ್ಕರೆಪಾಕದ ಬಟ್ಟಲುಗಳನ್ನಿಟ್ಟಾಗ, ಸಿಹಿ ಸಮನಾಗಿದ್ದರೆ ಅವು ಬಿಸಿಯದನ್ನು ಬಿಟ್ಟವು. ಬಿಸಿಯದರಲ್ಲಿ ಸಿಹಿ ಹೆಚ್ಚಿದ್ದರೆ ಬಿಸಿ ಸಹಿಸಿಕೊಂಡು ಕುಡಿದವು. ಸನ್ಯಾಸಿ ಏಡಿ ಮಾಡಿದ ಚೌಕಾಸಿಯೇ ಇದು. ಅದೇ ಹೊತ್ತಿಗೆ ಕೀಟಗಳ ಸಾಕಣೆ ಹೊಸ ಉದ್ಯಮವಾಗಿ ತಲೆಯೆತ್ತಿದೆ. ಕಪ್ಪು ಸೈನಿಕ ನೊಣದ ಮರಿಹುಳುಗಳನ್ನು ತಟ್ಟೆಗಳಲ್ಲಿ ಕಿಕ್ಕಿರಿಸಿ ಬೆಳೆಸಿ, ಒಣಗಿಸಿ, ಪುಡಿ ಮಾಡುತ್ತಾರೆ. ಆ ಪುಡಿಯಲ್ಲಿ ಒಂದಷ್ಟು ಹೋಗುವುದು ಸಾಕುಮೀನಿನ ತೊಟ್ಟಿಗೆ, ಮತ್ತು ಕೋಳಿಯ ಆಹಾರಕ್ಕೆ.